ಪಾವಟೆ ನಗರದಲ್ಲಿ ಹರಳಿಗಾಗಿ ಕಾಯುವವರು

ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡ ಹತ್ತಿ ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ನೋಡಿ ಹೋಗುವವರು ಬಹಳ. ರಸಾಯನಶಾಸ್ತ್ರ ವಿಭಾಗದ ಕಡೆ ಕಾಲು ಹಾಕುವವರು ಕಡಿಮೆ. ಒಳಗೆ ಹೋದೊಡನೆ ಮೂಗಿಗೆ ಬಡಿಯುವುದು ಕಹಿಬಾದಾಮಿಯ ವಾಸನೆ, ಅದು ಸ್ಯಾಲಿಸಿಲಾಲ್ಡಿಹೈಡ್‌ನದು.

ಸಂಶೋಧನಾ ವಿದ್ಯಾರ್ಥಿಯೊಬ್ಬರು ಅದನ್ನು ಬಿಸಿ ಆಲ್ಕೊಹಾಲಿನಲ್ಲಿ ಕರಗಿಸಿ ಎಥಿಲೀನ್‌ಡೈಅಮೀನ್ ಹನಿಸಿದರು. "ಈಗ ನೋಡ್ರಿ ಸರ್, ಹಳದಿ ಆಗ್ತದ" ಎಂದರು. ನೋಡನೋಡುತ್ತಲೇ ಮಿರುಗುವ ಹಳದಿ ಚಕ್ಕೆಗಳು ತೇಲಿದವು. ಆಲ್ಡಿಹೈಡಿನ ಎರಡು ಅಣುಗಳು ಅಮೀನಿನ ಒಂದು ಅಣುವನ್ನು ಕೂಡಿಕೊಂಡು ಎರಡು ನೀರಿನ ಅಣುಗಳನ್ನು ಹೊರಗೆ ಹಾಕಿದ್ದವು. ಉಳಿದದ್ದೇ ಸ್ಯಾಲೆನ್, ಹೀಗೆ ಆಲ್ಡಿಹೈಡ್ ಮತ್ತು ಅಮೀನ್ ಕೂಡಿ ಆಗುವ ಶಿಫ್ ಬೇಸ್‌ಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು. ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ್ದ ಹ್ಯೂಗೊ ಶಿಫ್ ಈ ಬಗೆಯ ಕ್ರಿಯೆಯನ್ನು 1864ರಲ್ಲೇ ವರದಿ ಮಾಡಿದ್ದ. ನಮ್ಮ ಕಣ್ಣಿನ ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಅಣುವೂ ಪ್ರೋಟೀನಿಗೆ ಅಂಟಿಕೊಂಡಿರುವುದು ಇದೇ ಬಗೆಯ ಕಾರ್ಬನ್–ನೈಟ್ರೋಜನ್ ಜೋಡಿಬಂಧದಿಂದ.

ಸ್ಯಾಲೆನ್ ಎರಡು ನೈಟ್ರೋಜನ್, ಎರಡು ಆಕ್ಸಿಜನ್‌ಗಳಿಂದ ಲೋಹವನ್ನು ಇಕ್ಕಳದಂತೆ ಹಿಡಿದು ಸಂಕೀರ್ಣವಾಗುತ್ತದೆ. ನಿಕೆಲ್ ಹಾಕಿದರೆ ಕಿತ್ತಳೆಗೆಂಪು ಬಣ್ಣ, ತಾಮ್ರ ಹಾಕಿದರೆ ಹಸಿರು. ಕೋಬಾಲ್ಟಿನದು ಇನ್ನೂ ಸ್ವಾರಸ್ಯ: ಗಾಳಿಯ ಆಕ್ಸಿಜನ್ ಹೀರಿಕೊಂಡು, ಬಿಸಿ ಮಾಡಿದಾಗ ಬಿಟ್ಟುಕೊಡುತ್ತದೆ. ಜಪಾನಿನ ತ್ಸುಮಾಕಿ 1938ರಲ್ಲಿ ಇದನ್ನು ತೋರಿಸಿದ; ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಇದರಿಂದ ಹಡಗಿನಲ್ಲೇ ಆಕ್ಸಿಜನ್ ತಯಾರಿಸಲು ನೋಡಿತು.

ಮುಂದಿನ ಮೇಜಿನ ಮೇಲೆ ಸಾಲಾಗಿ ಸಣ್ಣ ಬೀಕರುಗಳು, ಬಾಯಿಗೆ ತೂತು ಮಾಡಿದ ಹಾಳೆ. ದ್ರಾವಕ ನಿಧಾನವಾಗಿ ಆರಬೇಕು, ಯಾರೂ ಅಲುಗಾಡಿಸಬಾರದು. "ಹರಳು ಬರೂತನಕ ಮುಟ್ಟಬ್ಯಾಡ್ರಿ" ಎಂಬ ಎಚ್ಚರಿಕೆ ನನಗೂ ಸಿಕ್ಕಿತು. ಇಲ್ಲಿಯೇ ಕೆಲವೊಮ್ಮೆ ಬಯಸದ ಅತಿಥಿ ಬರುತ್ತದೆ: ಒಂದೇ ಹರಳಿನಲ್ಲಿ ಎರಡು ಬೇರೆ ಬೇರೆ ಅಣುಗಳು, ಗೊತ್ತಾದ ಪ್ರಮಾಣದಲ್ಲಿ, ಅಚ್ಚುಕಟ್ಟಾಗಿ ಕೂತಿರುತ್ತವೆ. ಅದು ಕೋಕ್ರಿಸ್ಟಲ್. ಇದರ ಸೊಗಸಾದ ಉದಾಹರಣೆ ಕಲ್ಕತ್ತಾ ವಿಶ್ವವಿದ್ಯಾಲಯದ ಶಶಾಂಕಶೇಖರ್ ಮೊಹಾಂತ ಅವರ ತಂಡದ್ದು, 2006ರಲ್ಲಿ ಪ್ರಕಟವಾದದ್ದು. ಅವರು ಸ್ಯಾಲೆನ್‌ನ ಎರಡೂ ತುದಿಗೆ ಈಥಾಕ್ಸಿ ಗುಂಪು ಸೇರಿಸಿದರು. ಆಗ ತಾಮ್ರ ಕೂರುವ ಒಳಕೋಣೆಯ ಆಚೆ ನಾಲ್ಕು ಆಕ್ಸಿಜನ್‌ಗಳ ಇನ್ನೊಂದು ಖಾಲಿ ಜಾಗ ಉಂಟಾಯಿತು. ನೆರೆಯ ಸಂಕೀರ್ಣದ ಲೋಹಕ್ಕೆ ಅಂಟಿದ್ದ ನೀರಿನ ಅಣು ಹೈಡ್ರೋಜನ್ ಬಂಧಗಳಿಂದ ಅಲ್ಲಿ ಬಂದು ಕೂತು, ಒಂದು ಲೋಹದ ಅಣುವನ್ನೂ ಎರಡು ಲೋಹದ ಅಣುವನ್ನೂ ಒಂದೇ ಹರಳಿಗೆ ಕಟ್ಟಿಹಾಕಿತು. ಒಗ್ಗೂಡಿಸಿದ್ದು ಬರೀ ನೀರು!

ಅದು ಕಣ್ಣಿಗೆ ಕಂಡದ್ದಲ್ಲ, ಎಕ್ಸ್‌ರೇ ಹೇಳಿದ್ದು. ಧಾರವಾಡದಲ್ಲಿ ಆ ಸೌಲಭ್ಯ ಇರುವುದು ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಲ್ಲಿ. ದೇಶದ ಎಷ್ಟೋ ಸಂಶೋಧನಾ ಲೇಖನಗಳ ಕೊನೆಯಲ್ಲಿ ಈ ಕೇಂದ್ರಕ್ಕೆ ಕೃತಜ್ಞತೆ ಕಾಣುತ್ತದೆ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಹರಳು ಸಾಕು. ಸೂಕ್ಷ್ಮದರ್ಶಕದ ಕೆಳಗೆ ಬಿರುಕಿಲ್ಲದ್ದನ್ನು ಆರಿಸಿ, ತಿರುಗುವ ಸೂಜಿತುದಿಗೆ ಅಂಟಿಸಿ, ಗಂಟೆಗಟ್ಟಲೆ ಕಿರಣ ಹಾಯಿಸುತ್ತಾರೆ. ಚದುರಿದ ಚುಕ್ಕೆಗಳ ಲೆಕ್ಕದಿಂದ ಪರಮಾಣುಗಳ ಜಾಗ ಸಿಗುತ್ತದೆ. ಕಾರ್ಬನ್–ನೈಟ್ರೋಜನ್ ಜೋಡಿಬಂಧ ಸುಮಾರು 1.28 ಆಂಗ್‌ಸ್ಟ್ರಾಮ್ ಇದ್ದರೆ ಶಿಫ್ ಬೇಸ್ ಎಂಬುದು ಖಾತ್ರಿ.

ನಮ್ಮಲ್ಲಿ ಶಿಫ್ ಬೇಸ್ ಸಂಕೀರ್ಣಗಳ ಪ್ರಬಂಧಗಳಿಗೆ ಕೊರತೆಯಿಲ್ಲ. ಇದೇ ವಿಭಾಗದಿಂದ ಕೌಮರಿನ್ ಎಂಬ ಅಣುವನ್ನು ಆಧರಿಸಿದವೇ ಹಲವು ಬಂದಿವೆ. ಆದರೆ ಒಟ್ಟಾರೆ ಈ ಕ್ಷೇತ್ರದಲ್ಲಿ ಪುಡಿಗೇ ತೃಪ್ತಿಪಟ್ಟು, ಇನ್‌ಫ್ರಾರೆಡ್ ಪಟ್ಟಿ 1630 ಸೆಂ.ಮೀ⁻¹ ಆಸುಪಾಸಿನಿಂದ ಕೆಳಗಿಳಿದದ್ದನ್ನೇ ನಂಬಿ ರಚನೆಯ ಚಿತ್ರ ಬರೆದು, ನಾಲ್ಕು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿ ಮುಗಿಸುವ ಚಾಳಿ ಹೆಚ್ಚು. ಹರಳು ಬೆಳೆಯದೆ ಕೊಟ್ಟ ರಚನೆ ಊಹೆಯೇ ಸರಿ, ಎಷ್ಟೇ ಒಳ್ಳೆಯ ಊಹೆಯಾಗಿರಲಿ. ಪಕ್ಕದಲ್ಲಿ ನೀರಿನ ಅಣುವೊಂದು ಏನು ಆಟ ಹೂಡಿದೆ ಎಂಬುದು ಪುಡಿಯಿಂದ ಅಷ್ಟು ಸುಲಭವಾಗಿ ತಿಳಿಯದು.

ಪ್ರಯೋಗಾಲಯಕ್ಕೆ ಹೋಗಬೇಕೆನ್ನುವವರು ವಿಭಾಗದ ಒಪ್ಪಿಗೆ ಪಡೆದೇ ಹೋಗಿ. ಹೋಗಲಾಗದವರಿಗೂ ದಾರಿಯಿದೆ: 1965ರಲ್ಲಿ ಶುರುವಾದ ಕೇಂಬ್ರಿಡ್ಜ್‌ನ ಹರಳು ಭಂಡಾರದಲ್ಲಿ 2019ರ ಹೊತ್ತಿಗೇ ಹತ್ತು ಲಕ್ಷ ರಚನೆಗಳು ಸೇರಿದ್ದವು. ಲೇಖನದಲ್ಲಿ ಕೊಟ್ಟಿರುವ ಠೇವಣಿ ಸಂಖ್ಯೆಯನ್ನು ಅದರ ಜಾಲತಾಣದಲ್ಲಿ ಹಾಕಿದರೆ ಆ ಅಣುವನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.