ಬಗ್ಗಿ ನೋಡಿದರೆ ಕಾಲಿಲ್ಲ

ದಕ್ಷಿಣ ಕನ್ನಡದ ಕೊಕ್ಕಡದ ಕಡೆ ಮಳೆಗಾಲ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತುವವರನ್ನು ಗಮನಿಸಿ. ಕಾಲಿಗೆ ತಳೆ ಸಿಕ್ಕಿಸಿಕೊಂಡು ಸರಸರನೆ ಏರುತ್ತಾರೆ. ತುದಿ ಮುಟ್ಟಿದ ಮೇಲೆ ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರ ಹಿಡಿಯುತ್ತಾರೆ. ಅವರ ಕಣ್ಣು ಗೊನೆಯ ಮೇಲೆ, ಮುಂದಿನ ಮರದ ಮೇಲೆ ಇರುತ್ತದೆಯೇ ಹೊರತು ಪಾದದ ಮೇಲಲ್ಲ. ಪಾದ ಎಲ್ಲಿದೆ, ಎಷ್ಟು ಒತ್ತಿದೆ ಎಂಬ ವರದಿ ಸ್ನಾಯು, ಕೀಲುಗಳಿಂದ ಮೆದುಳಿಗೆ ಸದಾ ಹೋಗುತ್ತಲೇ ಇರುತ್ತದೆ. ಅಂಗಾಂಗಗಳ ಸ್ಥಾನದ ಈ ಅರಿವಿಗೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್‌ಟನ್ 1906ರಲ್ಲಿ ‘ಪ್ರೊಪ್ರಿಯೋಸೆಪ್ಷನ್’ ಎಂದು ಹೆಸರಿಟ್ಟರು. ಕತ್ತಲೆಯಲ್ಲೂ ತುತ್ತು ಬಾಯಿಗೇ ಹೋಗುವುದು ಇದರಿಂದಾಗಿ.

ಪಾತ್ರಧಾರಿಯ ಕಣ್ಣಿನಿಂದಲೇ ಲೋಕವನ್ನು ನೋಡುವ ವಿಡಿಯೋ ಗೇಮುಗಳಲ್ಲಿ, ಅಂದರೆ ‘ಫಸ್ಟ್ ಪರ್ಸನ್’ ಆಟಗಳಲ್ಲಿ, ಈ ವರದಿ ಬರುವುದೇ ಇಲ್ಲ. ಮೆದುಳಿಗೆ ಸಿಗುವುದು ಪರದೆಯ ಚಿತ್ರ, ಸದ್ದು, ಬೆರಳಿನಡಿಯ ಗುಂಡಿ, ಅಷ್ಟೇ. ಇಷ್ಟರಲ್ಲೇ ‘ಇದು ನಾನು’ ಎಂಬ ನಂಬಿಕೆ ಹುಟ್ಟಬೇಕು. ಹುಟ್ಟುತ್ತದೆ ಕೂಡ. ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕುತ್ತ ಹೋದರೆ ಭೌತಶಾಸ್ತ್ರ, ನರವಿಜ್ಞಾನ ಎರಡೂ ಎದುರಾಗುತ್ತವೆ.

2004ರಲ್ಲಿ ಬಂದ ‘ಹಾಫ್-ಲೈಫ್ 2’ ಆಡುತ್ತಿದ್ದ ಅಕ್ಕನ ಮಗ ಒಮ್ಮೆ ಬೆಚ್ಚಿ ಕರೆದ: “ಮಾವ, ಇಲ್ಲಿ ನೋಡಿ, ಇವನಿಗೆ ಕಾಲೇ ಇಲ್ಲ!” ನಿಜ. ಆ ಆಟದ ನಾಯಕ ಗೋರ್ಡನ್ ಫ್ರೀಮನ್ ತಲೆ ಬಗ್ಗಿಸಿದರೆ ಕಾಣುವುದು ಬರೀ ನೆಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವನು ಮನುಷ್ಯನಲ್ಲ, ನೆಟ್ಟಗೆ ನಿಂತ ಒಂದು ಪೆಟ್ಟಿಗೆ. ಆಟದ ಅಳತೆಯಲ್ಲಿ ಅದರ ಎತ್ತರ 72, ಅಗಲ 32. ನೆಲದಿಂದ 64ರ ಎತ್ತರದಲ್ಲಿ ಒಂದು ಕ್ಯಾಮೆರಾ ಇದೆ, ಅದೇ ಅವನ ಕಣ್ಣು. ಕೈ ಮತ್ತು ಬಂದೂಕನ್ನು ಬೇರೆಯಾಗಿಯೇ ಬರೆದು ದೃಶ್ಯದ ಮೇಲೆ ಕೂರಿಸುತ್ತಾರೆ. ಹಾಗಾಗಿಯೇ ಗೋಡೆಗೆ ಮೂಗು ತಾಗಿಸಿ ನಿಂತರೂ ಬಂದೂಕಿನ ನಳಿಗೆ ಗೋಡೆಯೊಳಗೆ ಹೂತುಹೋಗುವುದಿಲ್ಲ.

ಕಾಲು ಬರೆಯದಿರುವುದು ಸೋಮಾರಿತನವಲ್ಲ. ಪೆಟ್ಟಿಗೆಯ ಒಂದು ಅಂಚು ಮೆಟ್ಟಿಲಿಗೆ ತಾಗಿದ್ದರೂ ಅದು ನಿಂತಿದೆ ಎಂದೇ ಲೆಕ್ಕ. ಅಲ್ಲಿ ಕಾಲು ತೋರಿಸಿದರೆ ಎರಡೂ ಪಾದ ಗಾಳಿಯಲ್ಲಿ ತೇಲುತ್ತವೆ. ಅದನ್ನು ಸರಿಪಡಿಸಲು ಪ್ರತಿ ಕ್ಷಣವೂ ನೆಲದ ಎತ್ತರ ನೋಡಿ ಮಂಡಿ, ಪಾದದ ಕೀಲುಗಳ ಕೋನವನ್ನು ಹಿಮ್ಮುಖವಾಗಿ ಲೆಕ್ಕಹಾಕಿ ತರಬೇಕು. ತಲೆ ಬಗ್ಗಿಸಿದರೆ ಕ್ಯಾಮೆರಾ ಎದೆಯೊಳಗೆ ತೂರದಂತೆಯೂ ನೋಡಿಕೊಳ್ಳಬೇಕು.

ಇನ್ನು ಆಟದ ಭೌತಶಾಸ್ತ್ರ. ನಮ್ಮ ಲೋಕದಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಆಟದಲ್ಲಿ ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ವಸ್ತುಗಳ ಜಾಗ ಎಣಿಸುತ್ತಾರೆ. ಸೆಕೆಂಡಿಗೆ 900 ಮೀಟರ್ ವೇಗದ ಗುಂಡು, ಸೆಕೆಂಡಿಗೆ 60 ತುಂಡು ಎಂದಿಟ್ಟುಕೊಳ್ಳಿ. ಒಂದು ಎಣಿಕೆಗೂ ಮುಂದಿನದಕ್ಕೂ ನಡುವೆ ಗುಂಡು 15 ಮೀಟರ್ ದಾಟಿರುತ್ತದೆ. ನಡುವೆ ಒಂಬತ್ತಿಂಚಿನ ಕೆಂಪುಕಲ್ಲಿನ ಗೋಡೆಯಿದ್ದರೆ? ಮೊದಲು ಎಣಿಸಿದಾಗ ಗುಂಡು ಗೋಡೆಯ ಈಚೆ, ಮತ್ತೆ ಎಣಿಸಿದಾಗ ಆಚೆ. ಗೋಡೆಗೆ ತಾಗಿದ ಕ್ಷಣ ಲೆಕ್ಕಕ್ಕೆ ಸಿಗಲೇ ಇಲ್ಲ. ಇದನ್ನು ತಪ್ಪಿಸಲು ಗುಂಡಿನ ಹಾದಿಯನ್ನೇ ಒಂದು ಗೆರೆಯಾಗಿ ಎಳೆದು, ಆ ಗೆರೆ ಯಾವುದಕ್ಕೆ ಮೊದಲು ತಾಗುತ್ತದೆ ಎಂದು ನೋಡುತ್ತಾರೆ. ಬಹಳಷ್ಟು ಆಟಗಳಲ್ಲಿ ಆ ಗೆರೆ ಹೊರಡುವುದು ಬಂದೂಕಿನ ಬಾಯಿಯಿಂದಲ್ಲ, ಕಣ್ಣಿನಿಂದ.

ಹೀಗೆ ಕಾಲವನ್ನು ತುಂಡರಿಸುವುದರ ಪರಿಣಾಮಕ್ಕೆ ನನಗೆ ಅತಿ ಪ್ರಿಯವಾದ ಉದಾಹರಣೆ 1999ರ ‘ಕ್ವೇಕ್ 3’ ಆಟದ್ದು. ಅಲ್ಲಿ ಗುರುತ್ವ, ಆಟದ ಅಳತೆಯಲ್ಲಿ, ಸೆಕೆಂಡಿಗೆ 800ರಂತೆ ವೇಗವನ್ನು ಇಳಿಸುತ್ತದೆ. ಆದರೆ ಪ್ರತಿ ತುಂಡಿನ ಕೊನೆಗೆ ವೇಗವನ್ನು ಹತ್ತಿರದ ಪೂರ್ಣಸಂಖ್ಯೆಗೆ ತಂದು ನಿಲ್ಲಿಸುತ್ತಾರೆ. ಕಂಪ್ಯೂಟರು ಸೆಕೆಂಡಿಗೆ 125 ಚಿತ್ರ ತೋರಿಸುತ್ತಿದ್ದರೆ ಒಂದು ತುಂಡು 8 ಮಿಲಿಸೆಕೆಂಡು. ಆಗ ಇಳಿಯಬೇಕಾದ ವೇಗ 6.4, ಪೂರ್ಣಾಂಕಕ್ಕೆ ತಂದಾಗ ಇಳಿಯುವುದು ಬರೀ 6. ಗುರುತ್ವ 800ರಿಂದ 750ಕ್ಕೆ ಬಂದಂತಾಯಿತು! ತುಂಡು 16 ಮಿಲಿಸೆಕೆಂಡಿನದಾದರೆ 12.8 ಇಳಿಯಬೇಕಾದಲ್ಲಿ 13 ಇಳಿಯುತ್ತದೆ, ಗುರುತ್ವ ಹೆಚ್ಚುತ್ತದೆ. ನೆಗೆಯುವ ವೇಗ 270. ಶಾಲೆಯ ಸೂತ್ರ ಹಾಕಿದರೆ ಸರಿಯಾದ ಗುರುತ್ವದಲ್ಲಿ ಏರುವ ಎತ್ತರ 45.6, ಸಡಿಲಿದ ಗುರುತ್ವದಲ್ಲಿ 48.6. ಬೇರೆಯವರಿಗೆ ನಿಲುಕದ ಕಟ್ಟೆಯನ್ನು 125 ಚಿತ್ರದವರು ಹತ್ತಿಬಿಡುತ್ತಿದ್ದರು. ದಶಮಾಂಶದ ಬಾಲವೊಂದನ್ನು ಕತ್ತರಿಸಿದ್ದಕ್ಕೆ ಭೂಮಿಯ ಸೆಳೆತವೇ ಬದಲಾಯಿತು. ಭೌತಶಾಸ್ತ್ರ ಕಲಿಸುವ ಮೇಷ್ಟರುಗಳು ಈ ಲೆಕ್ಕವನ್ನು ಪಿಯುಸಿ ತರಗತಿಯಲ್ಲಿ ಒಮ್ಮೆ ಮಾಡಿಸಬೇಕು ಎಂಬುದು ನನ್ನ ಆಸೆ.

‘ಹಾಫ್-ಲೈಫ್ 2’ರಲ್ಲಿ ಇನ್ನೊಂದು ವಿಚಿತ್ರವಿದೆ. ವಸ್ತುವೊಂದನ್ನು ಕೈಯಲ್ಲಿ ಹಿಡಿದು, ಅದರ ಮೇಲೇ ಕಾಲಿಟ್ಟು ಜಿಗಿಯುತ್ತ ಆಕಾಶಕ್ಕೆ ಏರುವ ಉಪಾಯವನ್ನು ಆಟಗಾರರು ಕಂಡುಹಿಡಿದರು. ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಇದು ಆಗದ ಮಾತು. ಕುಳಿತ ಕುರ್ಚಿಯನ್ನು ನಾವೇ ಎತ್ತಿಕೊಂಡು ಮೇಲೇರಲಾರೆವು, ಏಕೆಂದರೆ ಎತ್ತುವ ಬಲದಷ್ಟೇ ಬಲ ನಮ್ಮನ್ನು ಕೆಳಕ್ಕೆ ಒತ್ತುತ್ತದೆ. ಆಟದಲ್ಲಿ ಡಬ್ಬ, ಪೀಪಾಯಿಗಳಿಗೆ ತೂಕವಿದೆ, ತಳ್ಳಿದರೆ ಸರಿಯುತ್ತವೆ. ಆಟಗಾರನ ಪೆಟ್ಟಿಗೆಯ ಚಲನೆಗೆ ಮಾತ್ರ ಬೇರೆಯೇ ಕಾನೂನು. ಅವನು ಕೊಟ್ಟ ಬಲ ಅವನಿಗೆ ಸರಿಯಾಗಿ ಮರಳುವುದಿಲ್ಲ. ದೇಹ ಕಾಣದಿರುವುದಕ್ಕೂ ಭೌತಶಾಸ್ತ್ರ ತಪ್ಪುವುದಕ್ಕೂ ಬೇರು ಒಂದೇ: ಅಲ್ಲಿ ದೇಹವೇ ಇಲ್ಲ.

ದೇಹವನ್ನು ಇಡಲು ಹೊರಟ ಸಾಹಸಿಗಳೂ ಇದ್ದರು. 1998ರ ‘ಜುರಾಸಿಕ್ ಪಾರ್ಕ್: ಟ್ರೆಸ್‌ಪಾಸರ್’ ಆಟವನ್ನು ಕಟ್ಟಿದವರಲ್ಲಿ ಪ್ರಮುಖ ಶೇಮಸ್ ಬ್ಲ್ಯಾಕ್ಲಿ, ಭೌತಶಾಸ್ತ್ರದಿಂದಲೇ ಬಂದವರು. ನಾಯಕಿಗೆ ಇನ್ನೆಷ್ಟು ಜೀವ ಉಳಿದಿದೆ ಎಂಬುದನ್ನು ತೋರಿಸಲು ಅಂಕಿ, ಪಟ್ಟಿಗಳಿರಲಿಲ್ಲ; ತಲೆ ಬಗ್ಗಿಸಿದರೆ ಎದೆಯ ಮೇಲಿನ ಹೃದಯದ ಹಚ್ಚೆಯಲ್ಲಿ ಅದು ಕಾಣುತ್ತಿತ್ತು. ಮೌಸ್ ಆಡಿಸಿದಂತೆ ಬಲಗೈ ಚಾಚುತ್ತಿತ್ತು, ಭೌತಶಾಸ್ತ್ರದ ಲೆಕ್ಕಕ್ಕೆ ಒಳಪಟ್ಟು ವಸ್ತುಗಳನ್ನು ಎತ್ತುತ್ತಿತ್ತು. ಫಲ ಮಾತ್ರ ಕರುಣಾಜನಕ. ಕೈ ರಬ್ಬರಿನಂತೆ ತಿರುಚಿಕೊಳ್ಳುತ್ತಿತ್ತು, ಬಂದೂಕು ಬಾಗಿಲಿಗೆ ತಾಗಿ ಜಾರಿ ಬೀಳುತ್ತಿತ್ತು. ಆಟ ಸೋತಿತು.

ಅದೇ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಅವರ ಪುಟ್ಟ ಲೇಖನವೊಂದು ಬಂತು. ಹತ್ತು ಮಂದಿಯ ಎಡಗೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರಿನ ಕೈ ಇಟ್ಟು, ಎರಡನ್ನೂ ಕುಂಚದಿಂದ ಏಕಕಾಲಕ್ಕೆ ಸವರಿದರು. ಹತ್ತು ನಿಮಿಷದೊಳಗೆ ಸ್ಪರ್ಶವು ರಬ್ಬರಿನ ಕೈಯಲ್ಲೇ ಆಗುತ್ತಿರುವಂತೆ ಅವರಿಗೆ ಅನಿಸತೊಡಗಿತು. ಇನ್ನೊಂದು ಪ್ರಯೋಗದಲ್ಲಿ, ನಿಮ್ಮ ಕೈ ಎಲ್ಲಿದೆ ತೋರಿಸಿ ಎಂದರೆ ರಬ್ಬರಿನ ಕೈಯ ಕಡೆಗೇ ವಾಲಿ ತೋರಿಸುತ್ತಿದ್ದರು. ಕುಂಚಗಳ ತಾಳ ತಪ್ಪಿದರೆ ಭ್ರಮೆ ಕುಂದುತ್ತಿತ್ತು. ‘ಟ್ರೆಸ್‌ಪಾಸರ್’ ಏಕೆ ಸೋತಿತು ಎಂಬುದಕ್ಕೆ ನನಗೆ ತೋರುವ ಉತ್ತರ ಇಲ್ಲಿದೆ: ಮೆದುಳಿಗೆ ಬೇಕಾದದ್ದು ಅಂಗದ ಅಂದವಲ್ಲ, ತಾಳ. ಚೆಂದದ ಕೈಯೇ ಇರಲಿ, ಹೇಳಿದ ಹೊತ್ತಿಗೆ ಹೇಳಿದ ಕಡೆ ಹೋಗದಿದ್ದರೆ ಅದು ಪರರ ಕೈ.

ಮುಂದಿನವರು ಇದನ್ನು ಮನಗಂಡರು. ಸ್ವೀಡನ್ನಿನ ಡೈಸ್ ಕಂಪನಿಯ ‘ಮಿರರ್ಸ್ ಎಡ್ಜ್’ (2008) ನಾಯಕಿ ಮಹಡಿಯಿಂದ ಮಹಡಿಗೆ ಜಿಗಿಯುವಾಗ ಅವಳ ಕೈಕಾಲು ಎರಡೂ ಕಾಣುತ್ತವೆ. ತಲೆಸುತ್ತು ಬಾರದಿರಲೆಂದು ಪರದೆಯ ನಟ್ಟನಡುವೆ ಒಂದು ಚುಕ್ಕೆ ಇಟ್ಟಿದ್ದಾರೆ, ಕಣ್ಣಿಗೆ ಊರುಗೋಲಾಗಿ. ಅದಕ್ಕೂ ನಾಲ್ಕು ವರ್ಷ ಮುಂಚೆ ‘ರಿಡ್ಡಿಕ್’ ಆಟದಲ್ಲಿ ನಾಯಕನ ಮೈ ತೋರಿಸಿದ್ದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಗೂ ಕರ್ನಾಟಕಕ್ಕೂ ನಂಟಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟುಹಾಕಿದ, ಭಾರತದ ವಿಡಿಯೋ ಗೇಮ್ ಉದ್ಯಮಕ್ಕೆ ಅಡಿಪಾಯ ಹಾಕಿದ ಧ್ರುವ ಇಂಟರಾಕ್ಟಿವ್ ಕಂಪನಿಯ ಹೆಚ್ಚಿನ ಪಾಲನ್ನು 2017ರಲ್ಲಿ ಕೊಂಡದ್ದು ಇದೇ ಸ್ಟಾರ್‌ಬ್ರೀಜ್. ಎರಡು ವರ್ಷದ ಬಳಿಕ ಧ್ರುವ ರಾಕ್‌ಸ್ಟಾರ್ ಕಂಪನಿಯ ಕೈಸೇರಿತು. ಅದೇ ರಾಕ್‌ಸ್ಟಾರ್ 2014ರಲ್ಲಿ ತನ್ನ ‘ಜಿಟಿಎ 5’ಕ್ಕೆ ಫಸ್ಟ್ ಪರ್ಸನ್ ನೋಟವನ್ನು ಸೇರಿಸಿತ್ತು. ಪರದೆಯ ಮೇಲಿನ ಕೈಕಾಲುಗಳಿಗೆ ರೂಪ ಕೊಡುವ ಕಸುಬು ನಮ್ಮ ಬೆಂಗಳೂರಿನ ಕಲಾವಿದರಿಗೆ ಹೊಸದಲ್ಲ.

ತಲೆಗೆ ತೊಡುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನ ಬಂದ ಮೇಲೆ ಸಮಸ್ಯೆ ಇನ್ನಷ್ಟು ಹರಿತವಾಗಿದೆ. ಸಾಧಾರಣ ಸಾಧನಕ್ಕೆ ಗೊತ್ತಿರುವುದು ತಲೆ ಮತ್ತು ಎರಡು ಅಂಗೈಗಳ ಜಾಗ ಮಾತ್ರ. ಮೊಣಕೈ ಎಲ್ಲಿದೆ ಎಂಬುದು ಊಹೆ. ಊಹೆ ತಪ್ಪಿದರೆ ನಿಜವಾದ ಮೊಣಕೈ ಕೂಡಲೇ ತಕರಾರು ತೆಗೆಯುತ್ತದೆ. 2020ರ ‘ಹಾಫ್-ಲೈಫ್: ಅಲಿಕ್ಸ್’ ಈ ಜಗಳಕ್ಕೇ ಹೋಗದೆ ಬರೀ ಎರಡು ಅಂಗೈ ತೋರಿಸಿತು, ತೋಳಿಲ್ಲ. ಅದಕ್ಕೂ ತುಸು ಮುಂಚೆ, 2019ರಲ್ಲಿ ಬಂದ ‘ಬೋನ್‌ವರ್ಕ್ಸ್’ ಪೂರ್ತಿ ಮೈ ಕೊಟ್ಟು, ಕೈಗೆ ತೂಕವನ್ನೂ ಕೊಟ್ಟಿತು. ಅಲ್ಲಿ ಭಾರದ ಸುತ್ತಿಗೆ ಎತ್ತಿದರೆ ಕಾಣುವ ಕೈ ನಿಧಾನವಾಗಿ ಏರುತ್ತದೆ, ನಿಜವಾದ ಕೈ ಆಗಲೇ ಮೇಲೆ ಹೋಗಿರುತ್ತದೆ. ಕೆಲವರಿಗೆ ಆ ಅಂತರವೇ ತೂಕದಂತೆ ಭಾಸವಾಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ನನ್ನ ಒಲವು ಎರಡನೆಯ ಆಟದ ಕಡೆಗೇ, ಅದು ಮೂರನೇ ನಿಯಮವನ್ನು ಆಟಗಾರನಿಗೂ ಅನ್ವಯಿಸಲು ಹೊರಟಿದೆ ಎಂಬ ಕಾರಣಕ್ಕೆ.