ಸೊಂಟದಲ್ಲಿ ಆಡೋ ಚೆಂಡಾಟ

ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡೋದನ್ನ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದೀವಲ್ಲ? ಆದರೆ ಮೆಕ್ಸಿಕೋದ ಎಲ್ ಮನಾಟಿ ಅನ್ನೋ ಜೌಗು ಜಾಗದಲ್ಲಿ ಸಿಕ್ಕಿರುವ ರಬ್ಬರ್ ಚೆಂಡುಗಳು ಸುಮಾರು ಕ್ರಿ.ಪೂ. 1600ರವು! ಅಲ್ಲಿನ ಜನ ಕ್ಯಾಸ್ಟಿಲ್ಲಾ ಮರದ ಹಾಲಿಗೆ ಒಂದು ಬಳ್ಳಿಯ ರಸ ಬೆರೆಸುತ್ತಿದ್ದರು. ಬರೀ ಹಾಲು ಒಣಗಿದರೆ ಪೆಡಸಾಗುತ್ತೆ, ರಸ ಸೇರಿದರೆ ಚೆನ್ನಾಗಿ ಪುಟಿಯುತ್ತೆ. ಎಂಐಟಿಯ ಸಂಶೋಧಕರು ಇದನ್ನು ಪರೀಕ್ಷಿಸಿ 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಲ್ಯಾಬ್ ಇಲ್ಲ, ಫಾರ್ಮುಲಾ ಇಲ್ಲ, ಆದರೂ ಮೆಟೀರಿಯಲ್ ಸೈನ್ಸ್!

ಚೆಂಡು ನಮ್ಮ ಫುಟ್‌ಬಾಲ್ ಥರ ಟೊಳ್ಳಲ್ಲ. ಒಳಗೆಲ್ಲಾ ರಬ್ಬರೇ, ಮೂರು ನಾಲ್ಕು ಕೆಜಿ ತೂಕ. ಹೆಚ್ಚು ಪ್ರಸಿದ್ಧವಾದ ಆಟದಲ್ಲಿ ಕೈ, ಪಾದ ತಾಗಿಸೋ ಹಾಗಿಲ್ಲ, ಸೊಂಟದಿಂದಲೇ ಹೊಡೀಬೇಕು. ಅದಕ್ಕೇ ಸೊಂಟಕ್ಕೆ ದಪ್ಪ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಚಿಚೆನ್ ಇಟ್ಜಾದ ಅಂಗಳ ಸುಮಾರು 168 ಮೀಟರ್ ಉದ್ದ. ಎರಡೂ ಬದಿಯ ಗೋಡೆಗಳಲ್ಲಿ ಆರು ಮೀಟರ್ ಎತ್ತರಕ್ಕೆ ಕಲ್ಲಿನ ಬಳೆಗಳಿವೆ. ಸೊಂಟದಿಂದ ಅಲ್ಲಿಗೆ ಗುರಿ ಇಡೋದು ಹೇಗೋ, ನಂಗಂತೂ ಊಹೆಗೂ ಸಿಗಲ್ಲ.

ಇದು ಬರೀ ಆಟವಾಗಿರಲಿಲ್ಲ. ಮಾಯಾ ಜನರ ‘ಪೊಪೊಲ್ ವುಹ್’ ಕಥೆಯಲ್ಲಿ ಪಾತಾಳದ ದೊರೆಗಳು ಹುನ್ ಹುನಾಹ್‌ಪು ಎಂಬಾತನನ್ನು ಚೆಂಡಾಟಕ್ಕೆ ಕರೆಸಿ ಕೊಂದು, ತಲೆಯನ್ನು ಮರಕ್ಕೆ ಸಿಕ್ಕಿಸುತ್ತಾರೆ. ಮುಂದೆ ಅವನ ಅವಳಿ ಮಕ್ಕಳು ಅಲ್ಲಿಗೇ ಹೋಗಿ ಆಡಿ, ಆ ದೊರೆಗಳನ್ನೇ ಸೋಲಿಸುತ್ತಾರೆ. ಚಿಚೆನ್ ಇಟ್ಜಾದ ಶಿಲ್ಪದಲ್ಲೂ ತಲೆ ಕತ್ತರಿಸಿದ ಆಟಗಾರನಿದ್ದಾನೆ, ಕುತ್ತಿಗೆಯಿಂದ ರಕ್ತ ಹಾವುಗಳ ಹಾಗೆ ಚಿಮ್ಮುತ್ತಿದೆ. ಅವನು ಗೆದ್ದವನೋ ಸೋತವನೋ, ಶಿಲ್ಪ ಹೇಳಲ್ಲ.

ಸ್ಪ್ಯಾನಿಷರು ಬಂದ ಮೇಲೆ ಇದನ್ನು ನಿಷೇಧಿಸಿದರು. ಆದರೂ ಸಿನಲೋವಾ ರಾಜ್ಯದಲ್ಲಿ ‘ಉಲಾಮಾ’ ಅನ್ನೋ ಹೆಸರಲ್ಲಿ ಇವತ್ತಿಗೂ ಸೊಂಟದಲ್ಲೇ ಆಡ್ತಾರೆ.