ಅಟ್ಯಾಚ್ಡ್ ಇದೆಯಾ ಎಂದು ಕೇಳುವ ಮೊದಲು

ಹೋದ ವರ್ಷ ತಂಗಿಯ ಮಗಳಿಗೆ ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗ ಸಿಗುವುದು ಖಾತ್ರಿಯಿರಲಿಲ್ಲ. ಹಾಗಾಗಿ ನಾಗರಭಾವಿಯ ಸುತ್ತಮುತ್ತ ಪಿಜಿ ನೋಡಲು ಮೂವರೂ ಹೊರಟೆವು. ಅರಸೀಕೆರೆಯಿಂದ ಬಂದಿದ್ದ ತಂಗಿ ಬಸ್ಸಿಳಿಯುತ್ತಲೇ ಶರತ್ತು ಹಾಕಿದಳು: "ಅಕ್ಕಾ, ಊಟ ಹೆಂಗಾದ್ರೂ ಇರಲಿ, ರೂಮು ಚಿಕ್ಕದಾದ್ರೂ ಪರವಾಗಿಲ್ಲ. ಬಾತ್‌ರೂಮ್ ಮಾತ್ರ ಅಟ್ಯಾಚ್ಡೇ ಇರಬೇಕು."

ಆ ದಿನ ಏಳು ಪಿಜಿಗಳ ಮೆಟ್ಟಿಲು ಹತ್ತಿಳಿದೆವು. ನಮ್ಮ ಹಾಗೆಯೇ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆಯೂ ಇದೇ: "ಅಟ್ಯಾಚ್ಡ್ ಇದೆಯಾ?" ಇದೆ ಎಂದರೆ ಮುಖದಲ್ಲಿ ನೆಮ್ಮದಿ, ಕಾಮನ್ ಎಂದರೆ ಹಾಗೇ ವಾಪಸ್. ನೀರು ಎಷ್ಟು ಹೊತ್ತು ಬರುತ್ತದೆ, ಬಚ್ಚಲಿಗೆ ಕಿಟಕಿ ಇದೆಯೇ, ಒಂದು ಬಾಗಿಲಿಗೆ ಎಷ್ಟು ಜನ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಈ ಒಂದು ಪದಕ್ಕೆ ಮನೆಯವರು ತಿಂಗಳು ತಿಂಗಳೂ ಹೆಚ್ಚು ಬಾಡಿಗೆ ಕಟ್ಟುತ್ತಾರೆ. ಆ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸಿದ್ದು ಆವತ್ತು.

"ಕಾಮನ್ ಟಾಯ್ಲೆಟ್ಟಿನಲ್ಲಿ ಕೂತರೆ ಇನ್ಫೆಕ್ಷನ್ ಅಂಟುತ್ತದೆ"

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. ಅತಿ ಹೆಚ್ಚು ಹಾನಿ ಮಾಡುತ್ತಿರುವುದೂ ಇದೇ.

ಹುಡುಗಿಯರು "ಯೂರಿನ್ ಇನ್ಫೆಕ್ಷನ್" ಎನ್ನುವ ಮೂತ್ರನಾಳದ ಸೋಂಕಿಗೆ ಮುಕ್ಕಾಲು ಪಾಲು ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದರ ಮನೆ ನಮ್ಮದೇ ಕರುಳು. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ, ಗಂಡಸಿನದು ಅದರ ನಾಲ್ಕೈದು ಪಟ್ಟು. ಹಿಂದಿನಿಂದ ಮುಂದಕ್ಕೆ ತೊಳೆದುಕೊಂಡಾಗ ಬ್ಯಾಕ್ಟೀರಿಯಾ ಆ ಸಣ್ಣ ದಾರಿ ಹತ್ತಿ ಮೂತ್ರಕೋಶ ಸೇರುತ್ತದೆ. ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಿ ಎಂದು ಡಾಕ್ಟರು ಹೇಳುವುದು ಅದಕ್ಕೇ. ಸೀಟಿಗೆ ತಾಗುವುದು ತೊಡೆಯ ಚರ್ಮ. ಗಾಯವಿಲ್ಲದ ಚರ್ಮವನ್ನು ದಾಟಿ ಈ ಬ್ಯಾಕ್ಟೀರಿಯಾ ಒಳಗೆ ಹೋಗುವುದಿಲ್ಲ. ಗೊನೋರಿಯಾ, ಸಿಫಿಲಿಸ್‌ನಂಥ ಲೈಂಗಿಕ ರೋಗಗಳು ಟಾಯ್ಲೆಟ್ ಸೀಟಿನಿಂದ ಬರುತ್ತವೆ ಎಂಬ ಹೆದರಿಕೆಗೂ ಆಧಾರವಿಲ್ಲ. ನಮ್ಮ ಹಾಸ್ಟೆಲುಗಳಲ್ಲಂತೂ ಅರ್ಧಕ್ಕರ್ಧ ಇಂಡಿಯನ್ ಕಮೋಡ್. ಅಲ್ಲಿ ಸೀಟೇ ಇಲ್ಲ.

ಆದರೂ ಹಾಸ್ಟೆಲ್ ಸೇರಿದ ಹುಡುಗಿಯರಿಗೆ ಸೋಂಕು ಬರುತ್ತದಲ್ಲ, ಯಾಕೆ? ನನ್ನದೇ ಉದಾಹರಣೆ ಕೊಡುತ್ತೇನೆ. ಪದವಿಯ ದಿನಗಳಲ್ಲಿ ನಾನಿದ್ದ ಹಾಸ್ಟೆಲಿನ ಕಕ್ಕಸು ಕಾರಿಡಾರಿನ ಕೊನೆಯಲ್ಲಿತ್ತು, ಅಲ್ಲಿಯ ಬಲ್ಬು ಆಗಾಗ ಹೋಗುತ್ತಿತ್ತು. ಸಂಜೆ ಆರರ ಮೇಲೆ ನಾನು ನೀರು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆಯೂ ಸಾಲು ಕರಗಲೆಂದು ತಡೆದುಕೊಂಡು ಕೂರುತ್ತಿದ್ದೆ. ಮೂರನೇ ತಿಂಗಳಿಗೆ ಉರಿಮೂತ್ರ, ಚಳಿಜ್ವರ. ಊರಿಗೆ ಹೋದಾಗ ಅಮ್ಮ ಬೈದದ್ದು ಹಾಸ್ಟೆಲಿನ ಕಕ್ಕಸನ್ನು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆಷ್ಟು ಲೋಟ ನೀರು ಕುಡೀತೀಯಮ್ಮ?" ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಹಿಂದಿನ ವಿಷಯವನ್ನು ಆಮೇಲೆ ಪರೀಕ್ಷಿಸಿಯೂ ನೋಡಿದ್ದಾರೆ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಮತ್ತೆ ಮೂತ್ರದ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಿದ್ದರು. ಅರ್ಧ ಜನರಿಗೆ ದಿನವೂ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗೆ ಬಂದದ್ದರ ಹತ್ತಿರ ಹತ್ತಿರ ಅರ್ಧ. ಮೂತ್ರ ಆಗಾಗ ಹೋಗುತ್ತಿದ್ದರೆ ಬ್ಯಾಕ್ಟೀರಿಯಾ ಬೀಡುಬಿಡುವ ಮೊದಲೇ ಕೊಚ್ಚಿಹೋಗುತ್ತದೆ, ಅಷ್ಟೆ. ಕಕ್ಕಸಿನ ಭಯಕ್ಕೆ ಬಾಯಾರಿಕೊಂಡಿರುವ ಹುಡುಗಿ ಆ ರಕ್ಷಣೆಯನ್ನು ಕೈಯಾರೆ ಬಿಟ್ಟುಕೊಟ್ಟಿರುತ್ತಾಳೆ. ವೆಸ್ಟರ್ನ್ ಕಮೋಡಿನ ಮೇಲೆ ಕೂರದೆ ಅರ್ಧ ಬಗ್ಗಿ ನಿಲ್ಲುವುದೂ ಒಳ್ಳೆಯದಲ್ಲ. ಸೊಂಟದ ಕೆಳಗಿನ ಸ್ನಾಯುಗಳು ಬಿಗಿಹಿಡಿದೇ ಇರುತ್ತವೆ, ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಒರೆಸಿ, ಧೈರ್ಯವಾಗಿ ಕುಳಿತುಕೊಳ್ಳಬಹುದು.

ಇನ್ನೊಬ್ಬರು ಕೂತ ಜಾಗವೆಂದರೆ ನಮಗೆ ಹೇಸಿಗೆ ಯಾಕೆ ಎಂದು ಯೋಚಿಸಿದರೆ, ಅದರಲ್ಲಿ ರೋಗಾಣುವಿನ ಲೆಕ್ಕಕ್ಕಿಂತ ಮಡಿ ಮೈಲಿಗೆಯ ಲೆಕ್ಕವೇ ಹೆಚ್ಚಿದೆ ಎಂದು ನನಗನ್ನಿಸುತ್ತದೆ. "ಯಾರ್‍ಯಾರೋ ಬಳಸ್ತಾರೆ" ಎಂಬ ಮಾತಿನಲ್ಲಿ ಆ "ಯಾರ್‍ಯಾರೋ" ಯಾರು ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕು. ಜಾತಿ ಜಾತಿಯವರು ಒಂದೇ ಸೂರಿನಡಿ ಓದಿದ ಹಾಸ್ಟೆಲುಗಳು ಈ ನಾಡಿನಲ್ಲಿ ಮಾಡಿದ ದೊಡ್ಡ ಕೆಲಸಗಳಲ್ಲಿ, ಒಂದೇ ಸಾಲಿನಲ್ಲಿ ಚೊಂಬು ಹಿಡಿದು ನಿಲ್ಲಿಸಿದ್ದೂ ಒಂದು.

ಹಂಚಿಕೊಳ್ಳುವುದರಿಂದ ನಿಜಕ್ಕೂ ಅಂಟುವವು ಬೇರೆ ಇವೆ. ಕಾಲ್ಬೆರಳ ಸಂದಿಯ ಫಂಗಸ್ ಒದ್ದೆ ನೆಲದಿಂದ ಬರುತ್ತದೆ, ಬಚ್ಚಲಿಗೇ ಮೀಸಲಾದ ರಬ್ಬರ್ ಚಪ್ಪಲಿ ಸಾಕು. ಗಜಕರ್ಣ, ಅಂದರೆ ಹುಳುಕಡ್ಡಿ, ಟವೆಲ್ಲು, ಬಟ್ಟೆ, ಹಾಸಿಗೆ ಹಂಚಿಕೊಂಡಾಗ ಹರಡುತ್ತದೆ. ಕೆಲವು ವರ್ಷಗಳಿಂದ ಮಾಮೂಲಿ ಔಷಧಕ್ಕೆ ಬಗ್ಗದ ಹುಳುಕಡ್ಡಿ ದೇಶದಲ್ಲೆಲ್ಲ ಹಬ್ಬಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆ ಇಳಿಸಿ, ಆಮೇಲೆ ಅದನ್ನು ಇನ್ನಷ್ಟು ಬೆಳೆಸುತ್ತದೆ. ಅಟ್ಯಾಚ್ಡ್ ರೂಮಿನಲ್ಲಿ ಗೆಳತಿಯ ಟವೆಲ್ಲಿಗೆ ಕೈಹಾಕುವುದು ಸುಲಭ, ಎದುರಿಗೇ ನೇತಾಡುತ್ತಿರುತ್ತದೆ!

"ಬಚ್ಚಲು ನಮ್ಮದೇ, ಹಾಗಾಗಿ ಕಾಯಿಲೆ ಬರಲ್ಲ"

ಬಚ್ಚಲು ನಿಮ್ಮದಿರಬಹುದು. ಮೇಲಿನ ಟ್ಯಾಂಕು, ಕೆಳಗಿನ ಸಂಪು, ಕುಡಿಯುವ ನೀರಿನ ಫಿಲ್ಟರ್, ಅಡುಗೆಮನೆ, ಎಲ್ಲವೂ ಕಟ್ಟಡಕ್ಕೆ ಒಂದೇ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಹಾಸ್ಟೆಲಿನ 47 ವಿದ್ಯಾರ್ಥಿನಿಯರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ್ದು ನೆನಪಿರಬಹುದು, ಕಾಲರಾ ಶಂಕೆಯ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಂಥ ಕಾಯಿಲೆ ನೀರು, ಊಟ ಮತ್ತು ತೊಳೆಯದ ಕೈಗಳ ಮೂಲಕ ಬರುತ್ತದೆ. ಅದಕ್ಕೆ ಯಾವ ಬಚ್ಚಲಿನ ಬಾಗಿಲೂ ಅಡ್ಡಿಯಲ್ಲ. ಅದೇ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿ, ಪಿಜಿಗಳು ಟ್ಯಾಂಕರಿಗೆ ಬಿದ್ದವು. ಅಟ್ಯಾಚ್ಡ್ ರೂಮಿನ ನಲ್ಲಿಯಲ್ಲೂ ಗಾಳಿಯೇ ಬಂತು.

ಆದ್ದರಿಂದ ಕೇಳಬೇಕಾದ್ದು: ಟ್ಯಾಂಕು, ಸಂಪು ಎಷ್ಟು ತಿಂಗಳಿಗೊಮ್ಮೆ ತೊಳೆಸುತ್ತೀರಿ? ಮುಚ್ಚಳ ಇದೆಯೇ? 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಹೊರಡಿಸಿದ ಪಿಜಿ ಮಾರ್ಗಸೂಚಿಯಲ್ಲಿ ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಶುಚಿಯಾದ ಶೌಚಾಲಯ ಮತ್ತು ಬಚ್ಚಲು ಇರಬೇಕೆಂದಿದೆ. ಅದರಲ್ಲಿ "ಅಟ್ಯಾಚ್ಡ್" ಎಂಬ ಮಾತಿಗಿಂತ ನೀರಿನ ಲೆಕ್ಕಕ್ಕೆ ಬೆಲೆ ಹೆಚ್ಚು. ಮಾಲೀಕರ ಮುಂದೆ ಈ 135ರ ಅಂಕಿ ಹೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

"ಅಟ್ಯಾಚ್ಡ್ ಆದರೆ ಕಾಯುವ ಗೋಳಿಲ್ಲ"

ಒಬ್ಬರೇ ಇರುವ ರೂಮಾದರೆ ನಿಜ. ನಾವು ನೋಡಿದ ಏಳರಲ್ಲಿ ಐದು ಕಡೆ "ಅಟ್ಯಾಚ್ಡ್" ಎಂದರೆ ನಾಲ್ಕು ಜನರ ಶೇರಿಂಗ್ ರೂಮು. ಬೆಳಗಿನ ಎಂಟೂವರೆಗೆ ಕ್ಲಾಸು. ಕಮೋಡು, ನಲ್ಲಿ, ಬೇಸಿನ್ನು ಮೂರೂ ಒಂದೇ ಬಾಗಿಲ ಒಳಗೆ. ಒಬ್ಬಳು ಹಲ್ಲುಜ್ಜುತ್ತಿದ್ದರೂ ಉಳಿದ ಮೂವರು ಹೊರಗೆ. ತಲೆಗೆ ಇಪ್ಪತ್ತು ನಿಮಿಷ ಹಿಡಿದರೂ ನಾಲ್ವರಿಗೆ ಎಂಬತ್ತು ನಿಮಿಷ.

ಕಾಮನ್ ಬ್ಲಾಕಿನ ಲೆಕ್ಕ ಬೇರೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ 6 ಜನಕ್ಕೊಂದು ಕಕ್ಕಸು, 6 ಜನಕ್ಕೊಂದು ಸ್ನಾನದ ಕೋಣೆ ಇರಬೇಕು. ಗಂಡುಮಕ್ಕಳಿಗಾದರೆ 8 ಜನಕ್ಕೊಂದೊಂದು. ಅಂದರೆ ಆರು ಹುಡುಗಿಯರಿಗೆ ಎರಡು ಬಾಗಿಲು, ಒಂದು ಬಾಗಿಲಿಗೆ ಮೂವರು. ನಾಲ್ವರ ಅಟ್ಯಾಚ್ಡ್ ರೂಮಿನಲ್ಲಿ ಒಂದು ಬಾಗಿಲಿಗೆ ನಾಲ್ವರು! ಬ್ಲಾಕಿನಲ್ಲಿ ನಾಲ್ಕೈದು ಬಾಗಿಲುಗಳು ಸಾಲಾಗಿರುವುದರಿಂದ ಒಂದು ಮುಚ್ಚಿದ್ದರೆ ಇನ್ನೊಂದು ತೆರೆದಿರುತ್ತದೆ. ಒಂದರ ಫ್ಲಶ್ ಕೆಟ್ಟರೂ ದಿನ ನಿಲ್ಲುವುದಿಲ್ಲ. ಅಟ್ಯಾಚ್ಡ್‌ನಲ್ಲಿ ಫ್ಲಶ್ ಕೆಟ್ಟರೆ ಪ್ಲಂಬರ್ ಬರುವತನಕ ಪಕ್ಕದ ರೂಮಿನ ಬಾಗಿಲು ತಟ್ಟಬೇಕು.

ಇದು ನಿಯಮ ಪಾಲಿಸಿದ ಕಡೆಯ ಮಾತು. ಹದಿನೈದು ಇಪ್ಪತ್ತು ಜನಕ್ಕೆ ಒಂದು ಕಕ್ಕಸು ಕೊಟ್ಟು ಕೈತೊಳೆದುಕೊಂಡ ಹಾಸ್ಟೆಲುಗಳೂ ಇವೆ. ಅಲ್ಲಿಯ ಮಕ್ಕಳ ದೂರು ನೂರಕ್ಕೆ ನೂರು ನ್ಯಾಯದ್ದು. ಹಾಗಾಗಿ ಮಹಡಿಗೆ ಹೋಗಿ ಬಾಗಿಲುಗಳನ್ನು ಎಣಿಸಿ, ಆಮೇಲೆ ಆ ಮಹಡಿಯ ಮಂಚಗಳನ್ನು ಎಣಿಸಿ.

"ಅಟ್ಯಾಚ್ಡ್ ಬಚ್ಚಲೇ ಸುರಕ್ಷಿತ"

ಇಲ್ಲಿ ಜೀವದ ಮಾತಿದೆ, ಸ್ವಲ್ಪ ನಿಧಾನವಾಗಿ ಓದಿ.

ಹೆಚ್ಚು ಮಂಚ ಹಿಡಿಸಬೇಕೆಂದು ರೂಮಿನ ಮೂಲೆಗೆ ಗೋಡೆ ಕಟ್ಟಿ ಮಾಡಿದ ಬಚ್ಚಲುಗಳಿಗೆ ಎಷ್ಟೋ ಸಲ ಕಿಟಕಿಯೇ ಇರುವುದಿಲ್ಲ. ಅಲ್ಲಿ ಗ್ಯಾಸ್ ಗೀಸರ್ ಹಾಕಿದ್ದರೆ ಅದು ಸಾವಿನ ಪೆಟ್ಟಿಗೆ. ಬೆಂಕಿ ಉರಿಯುತ್ತ ಆ ಪುಟ್ಟ ಕೋಣೆಯ ಆಮ್ಲಜನಕ ಕಡಿಮೆಯಾಗುತ್ತದೆ, ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆಸುತ್ತು ಬಂತು ಎನ್ನುವಷ್ಟರಲ್ಲಿ ಕಾಲು ಸೋತಿರುತ್ತದೆ, ಚಿಲಕ ತೆಗೆಯಲೂ ಆಗುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಗಳು ಬೆಂಗಳೂರಿನಿಂದಲೂ ಮತ್ತೆ ಮತ್ತೆ ಬಂದಿವೆ. ಗ್ಯಾಸ್ ಗೀಸರ್ ಇರುವುದಾದರೆ ಅದೂ ಸಿಲಿಂಡರೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಒಳಗಿದ್ದರೆ ಆ ರೂಮು ಬೇಡ. ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಬೇಡ. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವ ಅಭ್ಯಾಸವೂ ಹಾಗೆಯೇ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು.

ಕಿಟಕಿಯಿಲ್ಲದ ಬಚ್ಚಲಿನ ಆವಿ ರೂಮಿಗೇ ಬರುತ್ತದೆ. ಟವೆಲ್ಲು ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹತ್ತುತ್ತದೆ, ಧೂಳಿಗೆ ಸೀನುವ ಮಕ್ಕಳ ಸೀನು ನಿಲ್ಲುವುದಿಲ್ಲ. ದಸರಾ ರಜೆ ಮುಗಿಸಿ ಬಂದಾಗ ರೂಮಿನಲ್ಲಿ ಮೋರಿ ವಾಸನೆ ಹೊಡೆದರೆ ಯಾರೂ ಸ್ವಚ್ಛ ಮಾಡಿಲ್ಲ ಎಂದುಕೊಳ್ಳುತ್ತೇವೆ. ಬಹಳ ಸಲ ಕಾರಣ ಬೇರೆ: ನೆಲದ ಜಾಲರಿಯ ಕೆಳಗೆ ಪ್ಲಂಬರುಗಳು ನಹಾನಿ ಟ್ರ್ಯಾಪ್ ಎನ್ನುವ ಬಟ್ಟಲಿದೆ, ಅದರಲ್ಲಿ ನಿಂತ ನೀರೇ ಪೈಪಿನ ಗಾಳಿಗೂ ಜಿರಲೆಗೂ ತಡೆ. ಬಳಸದಿದ್ದರೆ ಅದು ಒಣಗುತ್ತದೆ. ಎರಡು ಚೊಂಬು ನೀರು ಹೊಯ್ದು ಅರ್ಧ ಗಂಟೆ ಬಿಡಿ.

ಸ್ವಚ್ಛತೆಯ ವಿಷಯದಲ್ಲೂ ಒಂದು ಮಾತು. ಕಾಮನ್ ಬ್ಲಾಕನ್ನು ತೊಳೆಯಲು ಸಾಮಾನ್ಯವಾಗಿ ಆಳು ಇರುತ್ತಾರೆ. ಅಟ್ಯಾಚ್ಡ್ ಬಚ್ಚಲನ್ನು ಬಹಳ ಕಡೆ ನೀವೇ ತೊಳೆದುಕೊಳ್ಳಬೇಕು, ನಾಲ್ವರಲ್ಲಿ ಯಾರ ಸರದಿ ಎಂಬ ಜಗಳ ಅಲ್ಲಿಂದಲೇ ಶುರು. ತೊಳೆಯುವಾಗ ಟಾಯ್ಲೆಟ್ ಆ್ಯಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ.

ಇಷ್ಟೆಲ್ಲ ಹೇಳಿದರೂ, ಅಟ್ಯಾಚ್ಡ್ ಬೇಕೇ ಬೇಕಾದವರಿದ್ದಾರೆ. ಗಾಲಿಕುರ್ಚಿ ಬಳಸುವವರು, ಕರುಳಿನ ಕಾಯಿಲೆಯಿಂದ ದಿನಕ್ಕೆ ಹತ್ತು ಸಲ ಓಡಬೇಕಾದವರು, ನಾಲ್ಕು ಜನರೆದುರು ಬಚ್ಚಲಿಗೆ ಹೋಗಿಬರುವುದೇ ಅವಮಾನವಾಗಿಬಿಡುವ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳು. ಹಾಸ್ಟೆಲಿನಲ್ಲಿರುವ ನಾಲ್ಕೈದು ಅಟ್ಯಾಚ್ಡ್ ರೂಮುಗಳು ಮೊದಲು ಇವರಿಗೆ ಹೋಗಬೇಕು. ಸೀನಿಯಾರಿಟಿಗೋ ಹೆಚ್ಚು ದುಡ್ಡು ಕೊಟ್ಟವರಿಗೋ ಹೋಗುತ್ತಿರುವುದು ನನಗೆ ಸಂಕಟದ ವಿಷಯ. ರಾತ್ರಿ ಕತ್ತಲ ಕಾರಿಡಾರಿನಲ್ಲಿ ನಡೆಯುವ ಭಯವೂ ಸುಳ್ಳಲ್ಲ. ಅದಕ್ಕೆ ಮದ್ದು ಬಲ್ಬು, ಒಳಗಿನ ಗಟ್ಟಿ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ. ಇವನ್ನು ವಾರ್ಡನ್ ಬಳಿ ಬರಹದಲ್ಲಿ ಕೇಳುವುದು ಹಕ್ಕು.

ಏಳನೆಯ ಪಿಜಿ ತಲುಪುವಾಗ ಸಂಜೆ ನಾಲ್ಕೂವರೆ. ಎರಡನೇ ಮಹಡಿಯಲ್ಲಿ ಹನ್ನೆರಡು ಮಂಚ, ಮೂರು ಸ್ನಾನದ ಕೋಣೆ, ಮೂರು ಕಕ್ಕಸು, ಹೊರಗೆ ಉದ್ದಕ್ಕೆ ನಾಲ್ಕು ಬೇಸಿನ್. ಎಲ್ಲಕ್ಕೂ ಎತ್ತರದಲ್ಲಿ ಜಾಲರಿ ಕಿಟಕಿ. ತಂಗಿ "ಕಾಮನ್ನಾ?" ಎಂದು ಮುಖ ಸಿಂಡರಿಸಿ ಮೆಟ್ಟಿಲ ಕಡೆ ತಿರುಗಿದಳು. ಮಗಳು ಒಳಗೆ ಹೋಗಿ ಒಂದೊಂದೇ ನಲ್ಲಿ ತಿರುಗಿಸಿ ನೋಡಿದಳು, ಆ ಹೊತ್ತಿನಲ್ಲೂ ಆರರಲ್ಲೂ ನೀರು ಬಂತು. "ದೊಡ್ಡಮ್ಮ, ಇಲ್ಲೇ ಇರ್ತೀನಿ. ಆದ್ರೆ ಮೂರನೇದಕ್ಕೆ ಚಿಲಕ ಇಲ್ಲ" ಎಂದಳು. ಮಾಲೀಕರು ನಾಳೆ ಹಾಕಿಸುತ್ತೇನೆ ಎಂದರು. ತಂಗಿ ಅಡ್ವಾನ್ಸಿನ ದುಡ್ಡನ್ನು ಪರ್ಸಿನಿಂದ ತೆಗೆಯಲೇ ಇಲ್ಲ. ಬಡಗಿ ಬರುವವರೆಗೆ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದೆವು.